ಗಾಳಿ ಸುತ್ತಿಗೆ ನಮ್ಮ ಬಾವಿಗೆ ಬಂತು, ಅದರ ನೀರು ಬರಲಿಲ್ಲ

ಹಳೇ ಬಾವಿ ಆಳ ಮಾಡಿಸೋರು, ಕೃಷಿ ಹೊಂಡ ತೆಗೆಸುವಾಗ ಬಂಡೆ ಸಿಕ್ಕಿಹಾಕ್ಕೊಂಡೋರು, ಬೇಲಿ ಕಂಬಕ್ಕೆ ಅಂತ ಹೊಲದ ಗುಂಡು ಸೀಳಿಸೋರು, ಎಲ್ಲರೂ ಕರೆಸೋದು ಒಂದೇ ಗಾಡಿನ. ಟ್ರ್ಯಾಕ್ಟರ್ ಹಿಂದೆ ಕಂಪ್ರೆಸರ್, ಅದಕ್ಕೆ ಎರಡು ಉದ್ದದ ಹೋಸ್ ಪೈಪು, ಪೈಪಿನ ತುದಿಗೆ ಎರಡು ಜಾಕ್ ಹ್ಯಾಮರ್. ಗುಬ್ಬಿ, ಕುಣಿಗಲ್ ಕಡೆ ಇದಕ್ಕೆ ಬರೀ 'ಕಂಪ್ರೆಸರ್' ಅಂತಲೇ ಹೆಸರು. ಬಾಡಿಗೆ ಎಷ್ಟು, ಅಡಿಗೆ ಎಷ್ಟು ಅಂತ ಚೌಕಾಸಿ ಮಾಡ್ತೀವಿ. ಆ ಯಂತ್ರ ಎಲ್ಲಿಂದ ಬಂತು, ಬರೋ ದಾರಿಯಲ್ಲಿ ಯಾರ್ ಯಾರನ್ನ ತಿಂದುಕೊಂಡು ಬಂತು ಅಂತ ನಾವು ಕೇಳಿಲ್ಲ. ಕೇಳಿದ್ರೆ ಕೆಲಸ ಮಾಡಿಸೋ ರೀತಿ ಬದಲಾಗುತ್ತೆ ಅನ್ನೋದು ನನ್ನ ಲೆಕ್ಕ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಕೈಕೆಲಸದ ಕಾಲ. ಹಳೇ ಕೋಟೆ, ದೇವಸ್ಥಾನ, ಕೆರೆ ತೂಬಿನ ಕಲ್ಲುಗಳ ಅಂಚು ಗಮನಿಸಿ ನೋಡಿ. ಬಹಳ ಕಡೆ ಸಾಲಾಗಿ ಚೌಕದ ಸಣ್ಣ ಗುಳಿಗಳು ಕಾಣ್ತವೆ. ಅಲ್ಲಿ ಉಳಿಯಲ್ಲಿ ಗುಳಿ ತೆಗೆದು, ಬೆಣೆ ಬಡಿದು ಸೀಳಿದ್ದು ಅಂತ ಅರ್ಥ. ಈಗಿನ ಬೇಲಿ ಕಂಬದ ಅಂಚಿನಲ್ಲಿ ಅರ್ಧ ಕೊಳವೆ ಥರ ಉದ್ದ ಗೆರೆ ಕಂಡರೆ ಅದು ಗಾಳಿ ಡ್ರಿಲ್ಲಿನ ಗುರುತು. ಬಾವಿಯೊಳಗೆ ಮದ್ದು ಇಡೋ ತೂತು ಹೊಡೆಯೋಕೆ ಒಬ್ಬ ಕಬ್ಬಿಣದ ಸಲಾಕೆ ಹಿಡಿದು ಪ್ರತಿ ಏಟಿಗೂ ಸ್ವಲ್ಪ ತಿರುಗಿಸ್ತಾ ಕೂರೋನು, ಇನ್ನೊಬ್ಬ ದೊಡ್ಡ ಸುತ್ತಿಗೆಯಲ್ಲಿ ಹೊಡೆಯೋನು. ತೂತಿಗೆ ಆಗಾಗ ನೀರು ಹಾಕಿ, ಒಳಗಿನ ರಾಡಿಯನ್ನ ಉದ್ದ ಚಮಚದಂಥ ಕಡ್ಡಿಯಲ್ಲಿ ಎತ್ತೋರು. ಈ ನೀರಿನ ಮಾತು ನೆನಪಿಟ್ಕೊಳ್ಳಿ. ಕೈಕೆಲಸದೋರು ಓದಿದೋರಲ್ಲ, ಆದರೆ ಅವರ ತೂತು ಒದ್ದೆ ಇರ್ತಿತ್ತು. ನಮ್ಮ ಸೀಮೆಯ ಬಾವಿ, ಕಟ್ಟೆ, ಕಲ್ಲು ಕಟ್ಟಡಗಳಲ್ಲಿ ಹೆಚ್ಚಿನವು ಭೋವಿ ಸಮಾಜದವರ ರಟ್ಟೆಯಿಂದ ಆದವು. ಅವರ ಹೆಸರು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ, ಅದು ಬೇರೆ ಮಾತು.

ಗಾಳಿಯಲ್ಲಿ ಬಂಡೆ ಕೊರೆಯೋ ಯಂತ್ರ ದೊಡ್ಡ ಕೆಲಸಕ್ಕೆ ಇಳಿದಿದ್ದು ಯುರೋಪಿನ ಆಲ್ಪ್ಸ್ ಬೆಟ್ಟದಲ್ಲಿ. ಫ್ರಾನ್ಸ್ ಮತ್ತು ಇಟಲಿ ನಡುವೆ ಮೌಂಟ್ ಸೆನಿಸ್ ಅಂತ ಕರೆಯೋ ಹನ್ನೆರಡು ಕಿಲೋಮೀಟರಿಗೂ ಹೆಚ್ಚು ಉದ್ದದ ರೈಲು ಸುರಂಗ. 1857ರಲ್ಲಿ ಶುರು ಮಾಡಿದಾಗ ಕೈಯಲ್ಲೇ ಕೊರೀತಿದ್ರು, ಇಪ್ಪತ್ತೈದು ವರ್ಷ ಬೇಕು ಅಂತ ಅಂದಾಜಿತ್ತು. ಜರ್ಮೈನ್ ಸೊಮೆಯೆ ಅನ್ನೋ ಇಂಜಿನಿಯರ್ 1861ರಲ್ಲಿ ಒತ್ತಿದ ಗಾಳಿಯಿಂದ ನಡೆಯೋ ಡ್ರಿಲ್ ತಂದು ಹಾಕಿದ. ಬೆಟ್ಟದ ನೀರಿನ ರಭಸದಿಂದಲೇ ಹೊರಗಡೆ ಗಾಳಿ ಒತ್ತಿ, ಪೈಪಿನಲ್ಲಿ ಒಳಗೆ ಕಳಿಸೋದು. 1871ರಲ್ಲಿ ರೈಲು ಓಡಿತು, ಇಪ್ಪತ್ತೈದರ ಜಾಗದಲ್ಲಿ ಹದಿನಾಲ್ಕೇ ವರ್ಷ. ಸೊಮೆಯೆ ಮಾತ್ರ ಉದ್ಘಾಟನೆಗೆ ಕೆಲವೇ ವಾರ ಮೊದಲು ತೀರಿಕೊಂಡ.

ಯಾಕೆ ಗಾಳಿಯೇ? ಉಗಿ ಇಂಜಿನ್ ಸುರಂಗದೊಳಗೆ ಇಟ್ರೆ ಹೊಗೆಯಲ್ಲಿ ಜನ ಸಾಯ್ತಾರೆ. ಗಾಳಿ ಹಾಗಲ್ಲ. ಕೆಲಸ ಮಾಡಿ ಹೊರಗೆ ಬಿಟ್ಟ ಗಾಳಿನೇ ಒಳಗಿನೋರಿಗೆ ಉಸಿರಾಡೋಕೂ ಒದಗುತ್ತೆ. ನಮ್ಮ ಬಾವಿಗೂ ಇದೇ ಕಾರಣಕ್ಕೆ ಒಗ್ಗಿದ್ದು. ನೀರಿದ್ರೂ ಕರೆಂಟ್ ಹೊಡೆಯಲ್ಲ, ಬಿಟ್ಟು ಬಂಡೆಯಲ್ಲಿ ಕಚ್ಚಿಕೊಂಡು ನಿಂತ್ರೂ ಮೋಟಾರ್ ಸುಡಲ್ಲ, ಯಂತ್ರ ಸುಮ್ಮನೆ ನಿಲ್ಲುತ್ತೆ.

ಆಲ್ಪ್ಸಿನ ಯಂತ್ರಗಳು ಭಾರದ ಗಾಡಿ ಮೇಲೆ ಕೂತಿದ್ದವು, ಉದ್ದದ ಸಲಾಕೆ ಹಿಂದೆ ಮುಂದೆ ಹೋಗಿ ಬಂಡೆಗೆ ಗುದ್ದೋದು. ಈಗ ನಾವು ನೋಡೋ ಥರದ್ದು, ಅಂದ್ರೆ ಒಳಗಿನ ಪಿಸ್ಟನ್ ಸುತ್ತಿಗೆಯಾಗಿ ರಾಡಿನ ತಲೆಗೆ ಹೊಡೆಯೋದು, ಅದನ್ನ ಸರಿಯಾಗಿ ನಿಲ್ಲಿಸಿದೋನು ಅಮೆರಿಕದ ಡೆನ್ವರ್ ಊರಿನ ಜಾನ್ ಜಾರ್ಜ್ ಲೇನರ್. 1897ರ ಸುಮಾರಿಗೆ ಅವನು ರಾಡಿನ ಮಧ್ಯೆ ಉದ್ದಕ್ಕೂ ತೂತು ಕೊರೆದು, ಅದರಲ್ಲಿ ಗಾಳಿ ಬಿಟ್ಟು ತೂತಿನೊಳಗಿನ ಪುಡಿ ಹೊರಗೆ ಊದೋ ಹಾಗೆ ಮಾಡಿದ. ಕೆಲಸ ಓಡಿತು. ಆದರೆ ಪುಡಿಯೆಲ್ಲ ಗಣಿಯವರ ಮುಖಕ್ಕೇ ಬಂತು, ಅವರು ಈ ಯಂತ್ರ ಬೇಡ ಅಂದ್ರು. ಲೇನರ್ ಯಂತ್ರ ವಾಪಸ್ ತಗೊಂಡು, ಅದೇ ತೂತಿನಲ್ಲಿ ಗಾಳಿ ಜೊತೆ ನೀರು ಬಿಡೋ ಏರ್ಪಾಟು ಮಾಡಿದ. ಪುಡಿ ಹಾರೋ ಬದಲು ರಾಡಿಯಾಗಿ ಹರೀತು. ನೀರಿಲ್ಲದ ಡ್ರಿಲ್ಲಿಗೆ ಅಲ್ಲಿಯ ಗಣಿಯವರು ಇಟ್ಟ ಅಡ್ಡಹೆಸರು 'ವಿಧವೆ ಮಾಡೋದು'. ನೂರು ವರ್ಷಕ್ಕೂ ಹಿಂದಿನ ಮಾತು ಇದು. ಅಂದ್ರೆ ಕಾಯಿಲೆಯೂ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಮದ್ದು ಬರೀ ನೀರು.

ಗೊತ್ತಿದ್ದೂ ಹಾಕದೇ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಪಶ್ಚಿಮ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗ ಇದೆ. 1930, 31ರಲ್ಲಿ ನದಿ ನೀರು ತಿರುಗಿಸೋಕೆ ಕೊರೆದಿದ್ದು. ಬಂಡೆ ತುಂಬ ಸಿಲಿಕಾ. ಕೆಲಸ ಬೇಗ ಆಗಲಿ ಅಂತ ಒಣಗೊರೆತ ಮಾಡಿಸಿದ್ರು, ಮಾಸ್ಕೂ ಇಲ್ಲ. ಕೆಲಸಗಾರರಲ್ಲಿ ಬಹುಪಾಲು ಜನ ಕೂಲಿ ಹುಡುಕಿಕೊಂಡು ಬಂದ ಕರಿಯ ಜನಾಂಗದವರು. ಸತ್ತವರ ಲೆಕ್ಕ 476 ಅಂತ ಒಂದು, 764 ಅಂತ ಇನ್ನೊಂದು. ಸುರಂಗ ಯಾರಿಗಾಗಿ ಅಂದ್ರೆ ಯೂನಿಯನ್ ಕಾರ್ಬೈಡ್ ಕಂಪನಿಯ ವಿದ್ಯುತ್ತಿಗಾಗಿ. ಭೋಪಾಲ್ ನೆನಪಿರೋರಿಗೆ ಆ ಹೆಸರು ಹೊಸದಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಇಲ್ಲಿ ಗಾಳಿ ಡ್ರಿಲ್ಲಿನ ದೊಡ್ಡ ಶಾಲೆ ಅಂದ್ರೆ ಕೋಲಾರದ ಚಿನ್ನದ ಗಣಿ, ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. ಮೊದಮೊದಲು ಸೌದೆ, ಕಲ್ಲಿದ್ದಲಿನ ಉಗಿ ಇಂಜಿನ್ ಮೇಲೆ ಎಲ್ಲ ನಡೀತಿತ್ತು. 1902ರ ಜೂನ್ ಕೊನೆಗೆ ಶಿವನಸಮುದ್ರದ ಕಾವೇರಿ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಓಡಿ ಕೆಜಿಎಫ್ ಮುಟ್ಟಿತು. ಬೆಂಗಳೂರಿನ ಬೀದಿ ದೀಪಕ್ಕೆ ಅದೇ ಕರೆಂಟು ಸಿಕ್ಕಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಊರಿಗಿಂತ ಮೊದಲು ಗಣಿಗೆ! ಆ ಕರೆಂಟು ಅದಿರು ಕುಟ್ಟೋ ಗಿರಣಿ, ಗಾಳಿ ಒತ್ತೋ ಕಂಪ್ರೆಸರ್ ಇವಕ್ಕೆಲ್ಲ ಹೋಯ್ತು. ಒತ್ತಿದ ಗಾಳಿ ಪೈಪಿನಲ್ಲಿ ಭೂಮಿಯೊಳಗೆ ಇಳೀತು. ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯ್ತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಚಿನ್ನದ ಲೆಕ್ಕ ಎಲ್ಲರಿಗೂ ಗೊತ್ತು. ಶ್ವಾಸಕೋಶದ ಲೆಕ್ಕ ಯಾರೂ ಹೇಳಲ್ಲ. 1940ರ ದಶಕದಲ್ಲಿ ಕೆಜಿಎಫ್‌ನ ಏಳೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನ ಡಾಕ್ಟರುಗಳು ಪರೀಕ್ಷೆ ಮಾಡಿದ್ರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇತ್ತು. ಹತ್ತು ಜನ ಸಾಲಾಗಿ ನಿಂತ್ರೆ ಅದರಲ್ಲಿ ನಾಲ್ಕು ಜನ. ಭಾರತದಲ್ಲಿ ಈ ಕಾಯಿಲೆ ಬಗ್ಗೆ ಆದ ಮೊದಲ ದೊಡ್ಡ ಲೆಕ್ಕಗಳಲ್ಲಿ ಅದೂ ಒಂದು, ಆದದ್ದು ನಮ್ಮ ಪಕ್ಕದ ಕೋಲಾರದಲ್ಲಿ.

ಸಿಲಿಕೋಸಿಸ್ ಅಂದ್ರೆ ಏನು? ನಮ್ಮ ಕಡೆಯ ಹೆಚ್ಚಿನ ಕಲ್ಲುಗಳಲ್ಲಿ ಹೊಳೆಯೋ ಬೆಣಚು ಇರುತ್ತೆ. ಗ್ರಾನೈಟಿನಲ್ಲಿ ಸುಮಾರು ಕಾಲು ಭಾಗ ಅದೇ. ಡ್ರಿಲ್ಲಿನ ಬಿಟ್ಟು ಅದನ್ನ ಪುಡಿ ಮಾಡಿದಾಗ ಕಣ್ಣಿಗೆ ಕಾಣೋ ಬಿಳಿ ಧೂಳು ಅಷ್ಟು ಕೆಟ್ಟದ್ದಲ್ಲ, ಅದು ಮೂಗಲ್ಲೇ ನಿಲ್ಲುತ್ತೆ. ಕಾಣದಷ್ಟು ಸಣ್ಣದ್ದು ಪುಪ್ಪುಸದ ತಳಕ್ಕೆ ಹೋಗಿ ಕೂರುತ್ತೆ, ಸುತ್ತ ಗಾಯದ ಗಂಟು ಕಟ್ಟುತ್ತೆ. ಗಂಟು ಕರಗಿಸೋ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೀಬಹುದು. ಜೊತೆಗೆ ಟಿಬಿ ಬೇಗ ಹಿಡಿಯುತ್ತೆ.

ಇಂಥ ಕಾರಣಕ್ಕೇ ಗಣಿಯವರಿಗೆ ಕಾನೂನು ಬಂತು. ಧೂಳು ಅಡಗಿಸಬೇಕು, ಒದ್ದೆಗೊರೆತ ಮಾಡಬೇಕು, ಎಕ್ಸ್‌ರೇ ತೆಗೆಸಬೇಕು ಅಂತೆಲ್ಲ. ಗಣಿ ಇನ್ಸ್‌ಪೆಕ್ಟರ್ ಗಣಿಗೆ ಹೋಗ್ತಾನೆ. ನಮ್ಮ ಹೊಲದ ಬಾವಿಗೆ ಯಾವ ಇನ್ಸ್‌ಪೆಕ್ಟರೂ ಇಣುಕಲ್ಲ.

ನಾನು ಹೈಸ್ಕೂಲಿಗೆ ಹೋಗೋ ಕಾಲಕ್ಕೆ ನಮ್ಮ ಸುತ್ತಮುತ್ತ ಟ್ರ್ಯಾಕ್ಟರ್ ಕಂಪ್ರೆಸರ್ ಓಡಾಡ್ತಿದ್ವು. ಕಪಿಲೆ ಹೋಗಿ ಪಂಪ್‌ಸೆಟ್ ಬಂದಿತ್ತು, ನೀರು ಕೆಳಗಿಳೀತಿತ್ತು, ಬಾವಿ ಆಳ ಮಾಡೋಕೆ ಭೂ ಅಭಿವೃದ್ಧಿ ಬ್ಯಾಂಕಿನ ಸಾಲ ಸಿಗ್ತಿತ್ತು. 1988ರ ಮೇಲೆ ಮಿಲಿಯನ್ ವೆಲ್ಸ್ ಯೋಜನೆ ಬಂದು ಬಡವರ ಹೊಲಕ್ಕೂ ಬಾವಿ ಬಂತು. ಎಲ್ಲ ಒಳ್ಳೇದೇ. ಕೈಯಲ್ಲಿ ವಾರಗಟ್ಟಲೆ ಹಿಡಿಯೋ ಕೆಲಸ ಎರಡು ದಿನಕ್ಕೆ ಮುಗೀತಿತ್ತು, ಬೇಡ ಅನ್ನೋರು ಯಾರು? ಆದರೆ ಬರೋವಾಗ ಯಂತ್ರ ಹಗುರ ಆಗಿ ಬಂತು. ನೀರಿನ ತೊಟ್ಟಿ, ನೀರಿನ ಪೈಪು, ನೀರು ಒಳಬಿಡೋ ಹೆಡ್ಡು ಯಾವುದೂ ಗಾಡಿ ಮೇಲಿರಲಿಲ್ಲ. ಲೇನರ್ ವಾಪಸ್ ತಗೊಂಡ ಯಂತ್ರವನ್ನೇ ನಾವು ಅಡಿ ಲೆಕ್ಕದಲ್ಲಿ ಬಾಡಿಗೆಗೆ ತಂದ್ವಿ. ಮುಖಕ್ಕೆ ಟವೆಲ್ ಸುತ್ತಿದ್ರೆ ಸಾಕು ಅಂದ್ಕೊಂಡ್ವಿ. ಹಳ್ಳಿಗಳಲ್ಲಿ ಆ ಕಾಲದ ಡ್ರಿಲ್ ಹಿಡಿದ ಗಂಡಸರನ್ನ ಹುಡುಕಿ ನೋಡಿ, ಕೆರೆ ಏರಿ ಹತ್ತೋಕೆ ಎರಡು ಸಲ ಕೂರೋರು ಸಿಕ್ತಾರೆ. 'ಬೀಡಿ ಜಾಸ್ತಿ ಆಯ್ತು' ಅಂತ ಅವರೇ ಹೇಳ್ಕೊಳ್ತಾರೆ.

ಇನ್ನು ಕೆಲಸದ ವಿಚಾರ. ಗಾಡಿ ಬಂದು ನಿಂತಾಗ ಯಜಮಾನನಾಗಿ ನಾವು ಏನು ನೋಡಬೇಕು ಅನ್ನೋದು. 'ನಿನ್ ಕೆಲಸ ನೀನ್ ನೋಡ್ಕೊ' ಅಂತ ಡ್ರೈವರ್ ಅಂದ್ರೂ ಪರವಾಗಿಲ್ಲ, ಹೊಲ ನಮ್ಮದು.

ಕಂಪ್ರೆಸರನ್ನ ಬಾವಿ ಬಾಯಿಂದ ದೂರ, ಗಟ್ಟಿ ನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿಸಿ. ಅದುರಿ ಅದುರಿ ಗಾಡಿ ಜರುಗುತ್ತೆ, ಅಂಚಿನ ಮಣ್ಣೂ ಕುಸಿಯುತ್ತೆ. ಹೊಗೆ ಕೊಳವೆ ಬಾವಿ ಕಡೆ ಇರಬಾರದು, ಗಾಳಿ ಬೀಸೋ ದಿಕ್ಕು ನೋಡಿ ನಿಲ್ಲಿಸಬೇಕು. ಡೀಸೆಲ್ ಹೊಗೆ ಬಾವಿಗೆ ಇಳಿದ್ರೆ ಒಳಗಿರೋರಿಗೆ ತಲೆ ಸುತ್ತು ಬಂದು ಹಾಗೇ ಕುಸೀತಾರೆ. ಟ್ರ್ಯಾಕ್ಟರಿನಿಂದ ಕಂಪ್ರೆಸರಿಗೆ ತಿರುಗೋ ಶಾಫ್ಟಿಗೂ ಬೆಲ್ಟಿಗೂ ಮುಚ್ಚಳ ಇರಲೇಬೇಕು. ನಾವು ಲುಂಗಿ, ಟವೆಲ್ ಜನ. ಟವೆಲ್ ತುದಿ ಒಂದು ಸುತ್ತು ಸಿಕ್ಕಿದ್ರೆ ಕುತ್ತಿಗೆನೂ ಜೊತೆಗೇ ಹೋಗುತ್ತೆ.

ಗಾಳಿ ತುಂಬೋ ಸಿಲಿಂಡರಿನ ಸೇಫ್ಟಿ ವಾಲ್ವ್ ಕೆಲಸ ಮಾಡ್ತಿದೆಯಾ, ಒತ್ತಡದ ಮೀಟರಿನ ಮುಳ್ಳು ಆಡ್ತಿದೆಯಾ ಅಂತ ಕೇಳಿ. ವಾಲ್ವಿಗೆ ತಂತಿ ಕಟ್ಟಿದ್ದರೆ ಗಾಡಿ ವಾಪಸ್ ಕಳಿಸಿ, ಮುಲಾಜು ಬೇಡ. ಸಿಲಿಂಡರಿನ ತಳದ ನಲ್ಲಿ ಬಿಟ್ಟು ದಿನಾ ನೀರು ತೆಗೀಬೇಕು, ಇಲ್ಲದಿದ್ರೆ ಒಳಗಿಂದ ತುಕ್ಕು ತಿಂದು ತಗಡು ತೆಳ್ಳಗಾಗುತ್ತೆ, ಹೊರಗೆ ಬಣ್ಣ ಮಾತ್ರ ಚೆನ್ನಾಗಿರುತ್ತೆ. ಸಾಮಾನ್ಯ ಜಾಕ್ ಹ್ಯಾಮರಿಗೆ ಬೇಕಾಗಿರೋದು ಸುಮಾರು 6 ಬಾರ್ ಒತ್ತಡ, ಅಂದ್ರೆ ಚದರ ಇಂಚಿಗೆ 90 ಪೌಂಡಿನ ಆಸುಪಾಸು. ಜಾಸ್ತಿ ಕೊಟ್ರೆ ಜಾಸ್ತಿ ಕೊರೆಯುತ್ತೆ ಅನ್ನೋದು ಸುಳ್ಳು, ರಾಡು ಮುರಿಯುತ್ತೆ.

ಹೋಸ್ ಪೈಪು ಗಾಳಿಗೆ ಅಂತಲೇ ಮಾಡಿದ ರಬ್ಬರಿನದ್ದೇ ಆಗಿರಬೇಕು. ಪಿವಿಸಿ ಪೈಪಲ್ಲಿ ಒತ್ತಿದ ಗಾಳಿ ತುಂಬೋದು ಬೇಡವೇ ಬೇಡ. ನೀರು ತುಂಬಿದ ಪೈಪು ಒಡೆದ್ರೆ ಸೋರುತ್ತೆ, ಗಾಳಿ ತುಂಬಿದ ಪಿವಿಸಿ ಒಡೆದ್ರೆ ಚೂರುಚೂರಾಗಿ ಗುಂಡಿನಂತೆ ಹಾರುತ್ತೆ. ಎರಡು ಪೈಪು ಸೇರೋ ಕೊಂಡಿ ಹತ್ತಿರ ಎರಡೂ ಕಡೆಗೂ ಉಕ್ಕಿನ ಹಗ್ಗ ಅಥವಾ ಸರಪಳಿ ಕಟ್ಟಿರಬೇಕು. ಕೊಂಡಿ ಕಳಚಿದ್ರೆ ಪೈಪು ಹಾವಿನ ಥರ ಎದ್ದು ಬಡಿಯುತ್ತೆ, ಅದರ ತುದಿಯ ಕಬ್ಬಿಣ ತಲೆಗೆ ಬಿದ್ರೆ ಮುಗೀತು. ಡ್ರಿಲ್ಲಿಗೆ ಜೋಡಿಸೋ ಮೊದಲು ಪೈಪಿನ ಬಾಯಿ ಗಟ್ಟಿಯಾಗಿ ಹಿಡಿದು, ಜನ ಇಲ್ಲದ ಕಡೆ ತಿರುಗಿಸಿ, ಸ್ವಲ್ಪ ಗಾಳಿ ಬಿಟ್ಟು ಒಳಗಿನ ಮಣ್ಣು ಊದಿಸಬೇಕು. ಬಿಚ್ಚೋ ಮೊದಲು ವಾಲ್ವ್ ಮುಚ್ಚಿ, ಡ್ರಿಲ್ಲಿನ ಗುಂಡಿ ಒತ್ತಿ ಉಳಿದ ಗಾಳಿ ಖಾಲಿ ಮಾಡಬೇಕು. ಪೈಪು ಮಡಚಿ ಹಿಡಿದು ಗಾಳಿ ನಿಲ್ಲಿಸೋದು ನಮ್ಮ ಕಡೆ ಬುದ್ಧಿವಂತಿಕೆ ಅನ್ನಿಸ್ಕೊಂಡಿದೆ, ಅದು ಕೈ ಕಳ್ಕೊಳ್ಳೋ ದಾರಿ. ಸಂಜೆ ಮೈಮೇಲಿನ ಧೂಳನ್ನ ಅದೇ ಪೈಪಿನಲ್ಲಿ ಊದಿಸ್ಕೊಳ್ಳೋದೂ ಅಷ್ಟೇ. ಗಾಳಿ ಚರ್ಮದೊಳಗೆ ನುಗ್ಗುತ್ತೆ, ಕಣ್ಣು ಕಿವಿ ಹೋಗುತ್ತೆ.

ಡ್ರಿಲ್ ಹಿಡಿಯೋನು ಶುರುವಿಗೆ ಗಿಡ್ಡ ರಾಡು ಹಾಕಿ, ಅರ್ಧ ಗಾಳಿಯಲ್ಲಿ ತೂತಿನ ಬಾಯಿ ಮಾಡ್ಕೊಂಡು, ಆಮೇಲೆ ಉದ್ದ ರಾಡಿಗೆ ಹೋಗಬೇಕು. ಮೊದಲೇ ಉದ್ದ ರಾಡು ಹಾಕಿದ್ರೆ ಜಾರುತ್ತೆ. ಹೊಟ್ಟೆ, ತೊಡೆ ಒತ್ತಿ ಮೈಭಾರ ಹಾಕೋದು ಬೇಡ. ರಾಡು ಪಟ್ ಅಂತ ಮುರಿದಾಗ ಮೈ ಅದರ ಮೇಲೇ ಬೀಳುತ್ತೆ. ಲೈನಿನಲ್ಲಿ ಎಣ್ಣೆ ಡಬ್ಬಿ ಇರಬೇಕು, ಅದಕ್ಕೆ ಡ್ರಿಲ್ಲಿನ ಎಣ್ಣೆನೇ ಹಾಕಬೇಕು. ಟ್ರ್ಯಾಕ್ಟರಿನಿಂದ ತೆಗೆದ ಕರೀ ಎಣ್ಣೆ ಹಾಕಿದ್ರೆ ಅದೇ ಮಂಜಾಗಿ ಅವನ ಮೂಗಿಗೆ ಹೋಗುತ್ತೆ. ಕಿವಿಗೆ ಹತ್ತಿಯಾದರೂ ಅಂತಾರೆ, ಹತ್ತಿ ಸಾಲದು, ಕಿವಿಗೆ ಮುಚ್ಚೋ ಮಫ್ ಸಿಗುತ್ತೆ. ಬೆರಳಿನ ಮಾತೂ ಇದೆ. 1918ರಲ್ಲೇ ಆಲಿಸ್ ಹ್ಯಾಮಿಲ್ಟನ್ ಅನ್ನೋ ಅಮೆರಿಕದ ಡಾಕ್ಟರಮ್ಮ ಕಲ್ಲು ಕೆಲಸದವರ ಬೆರಳು ಚಳಿಗೆ ಬೆಳ್ಳಗಾಗಿ ಮರಗಟ್ಟೋದನ್ನ ನೋಡಿ, ಇದಕ್ಕೆ ಗಾಳಿ ಸುತ್ತಿಗೆಯ ಅದುರೇ ಕಾರಣ ಅಂತ ಬರೆದರು. ಒಬ್ಬನೇ ಇಡೀ ದಿನ ಹಿಡಿಯೋ ಬದಲು ಇಬ್ಬರು ಸರದಿ ಮೇಲೆ ಹಿಡಿಯಲಿ.

ಬಾವಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಹಳೇ ತೂತು. ಹಿಂದೆ ಮದ್ದು ಇಟ್ಟು ಸಿಡಿಸಿದ ತೂತಿನ ಬುಡ ಉಳಿದಿರುತ್ತೆ, ಅದರಲ್ಲಿ ಸಿಡಿಯದ ಮದ್ದು ಕೂತಿರಬಹುದು. ಅರ್ಧ ಕೊರೆದಿದೆಯಲ್ಲ, ಅದನ್ನೇ ಮುಂದುವರೆಸೋಣ ಅಂತ ಬಿಟ್ಟು ಇಟ್ರೆ ಅಲ್ಲಿಗೆ ಕಥೆ ಮುಗೀತು. ಹೊಸ ತೂತು ಹೊಸ ಜಾಗದಲ್ಲೇ, ಹಳೇದರಿಂದ ದೂರ. ಮದ್ದಿನ ಕೆಲಸ ಲೈಸೆನ್ಸ್ ಇರೋರದ್ದು, ನಮ್ಮದಲ್ಲ, ಡ್ರಿಲ್ ಹಿಡಿದೋನದ್ದೂ ಅಲ್ಲ. ಸಿಡಿದ ಮೇಲೆ ತಕ್ಷಣ ಇಳೀಬಾರದು, ಮದ್ದಿನ ಹೊಗೆ ತಳದಲ್ಲಿ ನಿಂತಿರುತ್ತೆ. ಕಂಪ್ರೆಸರ್ ಹೇಗೂ ಇದೆಯಲ್ಲ, ಪೈಪು ತಳದವರೆಗೂ ಬಿಟ್ಟು ಚೆನ್ನಾಗಿ ಗಾಳಿ ಊದಿಸಿ, ಮದ್ದಿನವನು ನೋಡಿ ಸರಿ ಅಂದ ಮೇಲೆ, ಇಳಿಯೋನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ. ಆಲ್ಪ್ಸಿನವರು ಮಾಡಿದ್ದೂ ಇದನ್ನೇ.

ನೀರಿಗೆ ಬಂದೆ. ಒದ್ದೆಗೊರೆತದ ಜಾಕ್ ಹ್ಯಾಮರ್ ಬೇರೇ ಬರುತ್ತೆ. ಅದಕ್ಕೆ ಗಾಳಿ ಪೈಪಿನ ಜೊತೆ ಸಣ್ಣ ನೀರಿನ ಪೈಪು, ಒತ್ತಡ ತಡೆಯೋ ಅಂಥ ನೀರಿನ ತೊಟ್ಟಿ ಬೇಕು, ತೊಟ್ಟಿಗೆ ಒತ್ತಡ ಕೊಡೋದೂ ಅದೇ ಕಂಪ್ರೆಸರ್. ನೀರಿನ ಒತ್ತಡ ಗಾಳಿಯದ್ದಕ್ಕಿಂತ ಸ್ವಲ್ಪ ಕಮ್ಮಿ ಇರಬೇಕು, ಜಾಸ್ತಿ ಆದ್ರೆ ನೀರು ಡ್ರಿಲ್ಲಿನ ಹೊಟ್ಟೆಗೆ ನುಗ್ಗಿ ಎಣ್ಣೆ ತೊಳೆಯುತ್ತೆ. ಗಾಡಿಯವನ ಹತ್ರ ಅದು ಇಲ್ಲ ಅಂದ್ರೆ, ಕೆಳಮುಖ ತೂತಿಗೆ ಒಬ್ಬ ಚೊಂಬಿನಲ್ಲಿ ನೀರು ಹೊಯ್ತಾ ಇರಲಿ, ರಾಡಿನ ಬುಡಕ್ಕೆ ಒದ್ದೆ ಗೋಣಿ ಸುತ್ತಿ. ಲೇನರಿನ ನೀರಿಗೆ ಇದು ಸಮ ಅಲ್ಲ, ಆದರೂ ಒಣಗೊರೆತಕ್ಕಿಂತ ಎಷ್ಟೋ ಮೇಲು. ಟವೆಲ್ ಮಾತ್ರ ಲೆಕ್ಕಕ್ಕಿಲ್ಲ. ಎನ್95 ಅಂತ ಕೊರೋನಾ ಕಾಲದಲ್ಲಿ ಕಲಿತ್ವಲ್ಲ, ಮುಖಕ್ಕೆ ಬಿಗಿಯಾಗಿ ಕೂತ್ರೆ ಅದು ಸ್ವಲ್ಪ ಕೆಲಸಕ್ಕೆ ಬರುತ್ತೆ. ಗಡ್ಡ ಇದ್ರೆ ಕೂರಲ್ಲ.

ಬೋರ್ ಲಾರಿನೂ ಇದೇ ವಂಶ. ವ್ಯತ್ಯಾಸ ಏನಂದ್ರೆ ಸುತ್ತಿಗೆ ಮೇಲಿರಲ್ಲ, ರಾಡಿನ ತುದಿಯಲ್ಲಿ ಬಿಟ್ಟಿನ ಜೊತೆಗೇ ಭೂಮಿಯೊಳಗೆ ಇಳಿಯುತ್ತೆ. 1950ರ ದಶಕದಲ್ಲಿ ಬಂದ ಈ ಉಪಾಯದ ರಿಗ್ಗುಗಳನ್ನ, ಬಿಹಾರ, ಉತ್ತರ ಪ್ರದೇಶದ ಬರದ ವೇಳೆ, 1967ರಲ್ಲಿ ಯುನಿಸೆಫ್ ವಿಮಾನದಲ್ಲಿ ನಮ್ಮ ದೇಶಕ್ಕೆ ತರಿಸಿತು. ಗಟ್ಟಿ ಬಂಡೆಯ ಊರಿಗೆ ಕುಡಿಯೋ ನೀರು ಕೊಡೋಕೆ ಅಂತ ಬಂದದ್ದು. ಆಮೇಲೆ ತಮಿಳುನಾಡಿನ ತಿರುಚೆಂಗೋಡು ಇಡೀ ದೇಶಕ್ಕೆ ರಿಗ್ ಲಾರಿ ಕಳಿಸೋ ಊರಾಯ್ತು, ನಮ್ಮ ಅಡಿಕೆ ತೆಂಗಿನ ತೋಟಕ್ಕೂ ಬಂತು. ಕುಡಿಯೋ ನೀರಿನ ಯಂತ್ರ ಅಂತರ್ಜಲ ಬಗೆಯೋ ಯಂತ್ರ ಆದ ಕಥೆ ಇನ್ನೊಂದು ದಿನದ್ದು.

ರಿಗ್ಗಿನ ಧೂಳು ಜಾಕ್ ಹ್ಯಾಮರಿನದ್ದಕ್ಕಿಂತ ಹತ್ತುಪಟ್ಟು ಕಾಣುತ್ತೆ. ನೀರು ಸಿಗೋವರೆಗೂ ತೋಟಕ್ಕೆ ತೋಟವೇ ಬೆಳ್ಳಗಾಗುತ್ತೆ. ಪೂಜೆ ಮಾಡಿ ಕಾಯಿ ಒಡೆದು, ಮಕ್ಕಳು ಮುದುಕರ ಸಮೇತ ಅದರ ಸುತ್ತಲೇ ನಿಂತು, ಧೂಳಿನ ಬಣ್ಣ ನೋಡಿ 'ಕಲ್ಲು ಬದಲಾಯ್ತು, ಇನ್ನೇನು ನೀರು ಬಿತ್ತು' ಅಂತೀವಿ. ಬಹಳ ಲಾರಿಗಳಲ್ಲಿ ನೀರು, ನೊರೆ ಒಳಗೆ ಬಿಡೋ ಸಣ್ಣ ಪಂಪ್ ಇರುತ್ತೆ. ಬಾಡಿಗೆ ಮಾತಾಡುವಾಗಲೇ ಮೊದಲ ಅಡಿಯಿಂದ ನೀರು ಬಿಡು ಅಂತ ಹೇಳಿ, ನೀರು ನಮ್ಮ ಕಡೆಯಿಂದ ಕೊಡಿ. ಒಂದು ಟ್ಯಾಂಕರಿನ ಖರ್ಚು ಬೋರಿನ ಖರ್ಚಿನಲ್ಲಿ ಲೆಕ್ಕಕ್ಕೇ ಸಿಗಲ್ಲ. ನಾವೆಲ್ಲ ಗಾಳಿ ಬರೋ ಕಡೆ ನಿಲ್ಲೋದು, ಮಕ್ಕಳನ್ನ ಮನೆಗೆ ಕಳಿಸೋದು. ನಮಗಾದ್ರೂ ಅದು ಒಂದು ದಿನ. ಲಾರಿ ಮೇಲಿರೋ ಒಡಿಶಾ, ಜಾರ್ಖಂಡ್ ಹುಡುಗರಿಗೆ ವರ್ಷಪೂರ್ತಿ. ಇನ್ನು ಫೇಲ್ ಆದ ಬೋರಿನ ಬಾಯಿ ಅವತ್ತೇ ಮುಚ್ಚಿಸಬೇಕು. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ಹೋದಳು.

ಡ್ರಿಲ್ ಕೆಲಸ ಮಾಡಿದೋರು ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಇದ್ರೆ ಒಂದು ಮಾತು. ಕೆಮ್ಮು, ಏದುಸಿರು ಅಂತ ತುಮಕೂರಿಗೋ ಬೆಂಗಳೂರಿಗೋ ಆಸ್ಪತ್ರೆಗೆ ಹೋದಾಗ, ಡಾಕ್ಟರ್ ಕೇಳದಿದ್ರೂ 'ಇಷ್ಟು ವರ್ಷ ಬಂಡೆ ಕೊರೆದಿದ್ದೀನಿ' ಅಂತ ಮೊದಲು ಹೇಳಲಿ, ಚೀಟಿಯಲ್ಲಿ ಬರೆಸಲಿ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ಸೂ ಟಿಬಿನೂ ಒಂದೇ ಥರ ಕಾಣಬಹುದು, ಎರಡೂ ಒಟ್ಟಿಗೇ ಇರಲೂಬಹುದು. ಕೆಲಸ ಏನು ಅಂತ ಗೊತ್ತಾದ್ರೆ ನೋಡೋ ಕಣ್ಣೇ ಬೇರೆ ಆಗುತ್ತೆ. ಹಳೇ ಎಕ್ಸ್‌ರೇ ಫಿಲಂ ಬಿಸಾಡಬೇಡಿ, ಮುಂದಿನದಕ್ಕೆ ಹೋಲಿಸಿ ನೋಡೋಕೆ ಬೇಕು.

ಒದ್ದೆಗೊರೆತದ ಜಾಕ್ ಹ್ಯಾಮರ್ ಇಟ್ಟಿರೋ ಗಾಡಿಯವರು ಗುಬ್ಬಿ, ಕುಣಿಗಲ್ ಕಡೆ ಯಾರಾದ್ರೂ ನಿಮಗೆ ಗೊತ್ತಿದ್ರೆ ತಿಳಿಸಿ, ಬಾವಿ ಆಳ ಮಾಡಿಸೋ ನಾಲ್ಕು ಜನ ಒಟ್ಟಿಗೆ ಕರೆಸಿದ್ರೆ ಅವರಿಗೂ ಬಾಡಿಗೆ ಗಿಟ್ಟುತ್ತೆ. ಮುಂದಿನ ಸಲ ಹಳೇ ಬಾವಿಯ ಹೂಳು ತೆಗೆಸೋ ಲೆಕ್ಕ ಬರೀತೀನಿ.